ಹೋಗಿ ಬರಲು ಎಷ್ಟು ಲೀಟರ್?

“ಹದಿನಾರು ತಪ್ಪು. ಹನ್ನೆರಡು ಸರಿ,” ಎಂದು ಪರೀಕ್ಷಾಧಿಕಾರಿಗಳು ದೋಣಿಯಕ್ಕನ ಉತ್ತರದ ಮೇಲೆ ಕೆಂಪು ಗೀಟು ಎಳೆದರು.

ಪ್ರಶ್ನೆ ಇಷ್ಟೇ: ಪೇಟೆಯಿಂದ ಕೆಳಗಿನ ಊರಿಗೆ ಹೋಗಲು ಒಂದು ದೋಣಿಗೆ ಆರು ಲೀಟರ್ ಡೀಸೆಲ್ ಬೇಕು, ಹೋಗಿ ಬರಲು ಎಷ್ಟು ಲೀಟರ್ ಕೊಳ್ಳಬೇಕು? ಈ ಒಂದು ಲೆಕ್ಕದಿಂದಲೇ ಆಕೆ ಎರಡು ಸಲ ಫೇಲಾಗಿದ್ದಳು. ಇದು ಮೂರನೆಯ ಸಲ, ಕೊನೆಯದು. ಹೊಸ ನಿಯಮದ ಪ್ರಕಾರ ಪಾಸಾಗದವರು ಚುಕ್ಕಾಣಿ ಮುಟ್ಟುವಂತಿಲ್ಲ. ಇಪ್ಪತ್ತೆರಡು ವರ್ಷ ಅದನ್ನೇ ಹಿಡಿದು ಆಕೆಯ ಅಂಗೈ ಜಡ್ಡುಗಟ್ಟಿತ್ತು. ಆದರೂ ಜಗ್ಗಲಿಲ್ಲ.

“ಹೋಗೋವಾಗ ನೀರೇ ತಳ್ಳತ್ತೆ ಸಾರ್, ಆರು ಸಾಕು. ಬರೋವಾಗ ನೀರಿಗೆ ಎದುರು ಬರಬೇಕು. ಹತ್ತು ಬೇಕು.”

“ಪ್ರಶ್ನೇಲಿ ನೀರಿನ ಮಾತೇ ಇಲ್ಲವಲ್ಲಮ್ಮ.”

“ದೋಣಿ ಅಂತ ಇದೆಯಲ್ಲ ಸಾರ್. ಅದು ಇನ್ನೆಲ್ಲಿ ಓಡತ್ತೆ?”

ಅಧಿಕಾರಿಗಳು ಕೆಟ್ಟವರಲ್ಲ. ಆದರೆ ಅವರ ಕೈಯಲ್ಲಿ ಅಚ್ಚಾದ ಉತ್ತರಗಳ ಹಾಳೆಯಿತ್ತು, ಅದರಲ್ಲಿ ಹನ್ನೆರಡು ಎಂದೇ ಇತ್ತು. “ಸಂಜೆ ಪೇಟೆಯ ಕಚೇರಿಗೆ ಫಲಿತಾಂಶ ಒಪ್ಪಿಸಬೇಕು. ಅಲ್ಲೀವರೆಗೆ ತಿದ್ದಿ ಕೊಟ್ರೆ ಬೇಡ ಅನ್ನಲ್ಲ,” ಎಂದು ಚೀಲ ಹೆಗಲಿಗೇರಿಸಿದರು.

ದೋಣಿಗೆ ಟಿಕೆಟ್ ಹರಿಯುವ ನಾದಿನಿ ಕಿಟಕಿಯಲ್ಲೇ ಕಾದಿದ್ದಳು. “ಹನ್ನೆರಡು ಅಂತ ಗೀಚಿ ಬಿಸಾಕಿ ಅತ್ತಿಗೆ. ನಮ್ಮಪ್ಪನ ಗಂಟೇನು ಹೋಗತ್ತೆ?”

“ಆ ಹನ್ನೆರಡನ್ನ ನಂಬಿ ಯಾರಾದ್ರೂ ಜನ ತುಂಬ್ಕೊಂಡು ಹೊರಟ್ರೆ ನಡುನೀರಲ್ಲಿ ನಿಲ್ತಾರೆ ಕಣೆ. ಪುಸ್ತಕದ ಬದನೆಕಾಯಿ ಹಿಡ್ಕೊಂಡು ಹುಟ್ಟು ಹಾಕಕ್ಕಾಗತ್ತಾ? ನಾನು ಬರೆಯಲ್ಲ.”

ಬೆಳಿಗ್ಗೆ ಅಧಿಕಾರಿಗಳನ್ನು ಪೇಟೆಯಿಂದ ಈ ಕೆಳಗಿನ ಊರಿಗೆ ಕರೆತಂದದ್ದು ದೋಣಿಯಕ್ಕನ ದೋಣಿಯೇ. ಮರಳಿ ಹೋಗಲೂ ಬೇರೆ ದಾರಿಯಿರಲಿಲ್ಲ. ಅವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ದೋಣಿಯಕ್ಕ ಖಾಲಿ ಟ್ಯಾಂಕಿಗೆ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತ ಆರು ಲೀಟರ್ ಡೀಸೆಲ್ ಅಳೆದು ಸುರಿದಳು. ಉಳಿದ ಡೀಸೆಲಿನ ಕ್ಯಾನನ್ನು ದಡದ ಕಲ್ಲಿನ ಮೇಲಿಟ್ಟು ಕೈ ಒರೆಸಿಕೊಂಡಳು.

“ಬನ್ನಿ ಸಾರ್. ಪೇಟೆಯಿಂದ ಬರೋವಾಗ ಆರು ಕುಡೀತು. ವಾಪಸ್ ಹೋಗೋಕೂ ಆರು ಹಾಕಿದ್ದೀನಿ. ಒಟ್ಟು ಹನ್ನೆರಡು.”

ಅಧಿಕಾರಿಗಳು ಒಂದು ಕಾಲನ್ನು ದೋಣಿಯಲ್ಲಿಟ್ಟಿದ್ದರು, ಇನ್ನೊಂದು ಮೆಟ್ಟಿಲಿನ ಮೇಲೆಯೇ ಇತ್ತು. ಪೇಟೆಯ ಕಡೆಯಿಂದ ತೇಲಿ ಬಂದ ಮರದ ಕೊಂಬೆಯೊಂದು ಅವರ ಕಣ್ಣೆದುರೇ ಸರ್ರನೆ ಕೆಳಗೆ ಹೋಯಿತು. ಅವರು ಅದು ಮರೆಯಾಗುವವರೆಗೂ ನೋಡಿದರು. ಆಮೇಲೆ ಕಲ್ಲಿನ ಮೇಲಿದ್ದ ಕ್ಯಾನನ್ನು ನೋಡಿದರು.

“ಇನ್ನೊಂದು ನಾಲ್ಕು ಲೀಟರ್ ಹಾಕಮ್ಮ,” ಎಂದರು ಮೆಲ್ಲಗೆ.

ದೋಣಿಯಕ್ಕ ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟಳು. ತೆರೆಯಲಿಲ್ಲ.

“ಈ ನಾಲ್ಕು ಯಾರ ಲೆಕ್ಕದ್ದು ಸಾರ್?”