ಇನ್ನೊಂದು ಹೆಲ್ಮೆಟ್

ಅಂಗಡಿಯಲ್ಲಿ ಲೆಂಪಿ ಕಣ್ಣಿಗೆ ಕಪ್ಪು ಗಾಜಿದ್ದ ಹೆಲ್ಮೆಟ್ಟನ್ನು ತನ್ನ ನರೆತಲೆಗೇ ಏರಿಸಿ ಪಟ್ಟಿ ಬಿಗಿ ಮಾಡಿಕೊಂಡಾಗಲೇ, ಕೊಳ್ಳಲು ಬಂದಿದ್ದ ವೆಲ್ಡಿಂಗ್ ಮೆಷಿನ್ ತನಗಲ್ಲ ಎಂದು ಗಂಡ ತೈಸ್ತೊನಿಗೆ ಹೊಳೆದದ್ದು.

“ಸೌನಾ ಹಬೆಕೋಣೆಯ ಒಲೆ ಈ ಸಲ ನಾನೇ ಮಾಡ್ತೀನಿ,” ಎಂದಳು ಅವಳು. “ನೀನು ಪಕ್ಕದ ಮನೆಯವರ ಮೆಷಿನ್ ತಂದು ಬೆಸೆದ ಒಲೇಲಿ ಹೊಗೆ ಕುಡಿದಿದ್ದು ಸಾಕು ಮಾರಾಯಾ.”

ಕುಹ್ಮೊ ಪೇಟೆಯ ಆ ಅಂಗಡಿಯವನು ನಗು ತಡೆದುಕೊಂಡ. “ಕಲಿಯೋಕೆ ಈ ಚಿಕ್ಕ ಮೆಷಿನ್ನೇ ಸಾಕಮ್ಮಾ. ಆದ್ರೆ ಚರ್ಮದ ಗ್ಲೌಸು, ದಪ್ಪ ಹತ್ತಿ ಬಟ್ಟೆ ಬೇಕೇ ಬೇಕು. ಪಕ್ಕದಲ್ಲಿ ನಿಂತೋರೂ ಆ ಬೆಳಕನ್ನ ಬರಿಗಣ್ಣಲ್ಲಿ ನೋಡಬಾರದು.”

“ಇದೆಲ್ಲ ಯಾಕೆ? ನಾನು ಕಣ್ಣು ಮುಚ್ಕೊಂಡೇ ಬೆಸೀತಿದ್ದೆ,” ಎಂದ ತೈಸ್ತೊ.

“ಅದಕ್ಕೇ ಒಲೆ ಹಂಗಾಗಿದ್ದು!”

ತೈಸ್ತೊ ಕಪಾಟುಗಳ ನಡುವೆ ಮರೆಯಾದ. ಮುನಿಸಿಕೊಂಡು ಕಾರಿಗೆ ಹೋಗಿರಬೇಕು ಎಂದುಕೊಂಡ ಲೆಂಪಿ, ಅಂಗಡಿಯವನೆದುರೇ ಅಂದುಬಿಟ್ಟೆನಲ್ಲಾ ಎಂದು ಪೆಚ್ಚಾಗಿ, ಮೆಷಿನ್ನು, ಗ್ಲೌಸು, ಹೆಲ್ಮೆಟ್ಟು ಎಲ್ಲವನ್ನೂ ಒಬ್ಬಳೇ ಕೌಂಟರಿಗೆ ಹೊತ್ತು ತಂದಳು.

ಅವಳ ಹೆಲ್ಮೆಟ್ಟಿನ ಪಕ್ಕಕ್ಕೆ ಇನ್ನೊಂದು ಬಂದು ಕೂತಿತು. ತಿರುಗಿ ನೋಡಿದರೆ ತೈಸ್ತೊ.

“ಇದ್ಯಾರಿಗೋ?”

“ಮತ್ತೆ? ನೀನು ಒಲೆ ಮಾಡೋವಾಗ ನಾನು ಗೋಡೆ ನೋಡ್ಕೊಂಡು ಕೂತಿರ್ಲಾ?”