ರಿಯಾಯಿತಿ

ಇಂದ್ರಮ್ಮನ ಕೈಗೆ ಡ್ರೈವಿಂಗ್ ಲೈಸೆನ್ಸ್ ಬಂದು ವಾರವೂ ಆಗಿರಲಿಲ್ಲ. ಊರಿನ ವಿಮಾ ಏಜೆಂಟರ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದಾಗಿತ್ತು, ಇದೇ ಕೊನೆಯದು. ಪಕ್ಕದಲ್ಲಿ ಗಂಡ ಕುಳಿತಿದ್ದ. ವರ್ಷಾನುಗಟ್ಟಲೆ ಬಾಡಿಗೆ ಕಾರು ಓಡಿಸಿದವನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಬಿದ್ದುಹೋಗಿದ್ದವು. ಆ ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಇನ್ನು ಅವಳೇ ಓಡಿಸಬೇಕು.

"ವಿಮೆಗೆ ಇಷ್ಟೊಂದು ದುಡ್ಡು ಎಲ್ಲಿಂದ ತರ್ಲಿ ಸಾರ್? ಹೋದ ವರ್ಷ ಇದರ ಅರ್ಧಾನೂ ಇರ್ಲಿಲ್ಲ."

"ನಿಮ್ಮ ಯಜಮಾನ್ರು ಒಂದು ಸಲಾನೂ ಎಲ್ಲೂ ಗುದ್ದಿಲ್ಲ, ಕ್ಲೇಮ್ ಮಾಡಿಲ್ಲ. ಅದಕ್ಕೆ ರಿಯಾಯಿತಿ ಸಿಗ್ತಿತ್ತು. ಅದು ಗಾಡೀದಲ್ಲಮ್ಮ, ಅವರದು. ನೀವು ಹೊಸಬರು."

"ಹಂಗಾದ್ರೆ ಗಾಡಿ ಅವರ ಹೆಸರಲ್ಲೇ ಇರ್ಲಿ ಬಿಡಿ."

"ಬಾಡಿಗೆಗೆ ತಗೊಳ್ಳೋ ಫ್ಯಾಕ್ಟ್ರಿಯವರು ಓಡಿಸೋರ ಹೆಸರಲ್ಲೇ ಇರ್ಬೇಕು ಅಂದಿದಾರೆ ಅಂತ ನೀವೇ ಹೇಳಿದ್ರಲ್ಲ?"

ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ನಾಳೆ ಬೆಳಿಗ್ಗೆ ಗಾಡಿ ಹೋಗ್ಲಿಲ್ಲ ಅಂದ್ರೆ ಆ ಕೆಲಸ ಬೇರೆಯವರಿಗೆ ಕೊಡ್ತಾರಂತೆ. ಕೈ ಮುಗೀತೀನಿ ಸಾರ್, ಅವರ ರಿಯಾಯಿತಿ ನನಗೆ ಬರೋ ಹಂಗೆ ಏನಾದ್ರೂ ದಾರಿ ತೋರ್ಸಿ."

ಏಜೆಂಟ್ ಗಂಡನ ಕಡೆ ನೋಡದೆ ದನಿ ತಗ್ಗಿಸಿದ.

"ದಾರಿ ಇರೋದು ಒಂದೇ. ಹೆಂಡತಿಗೆ ಬರುತ್ತೆ... ಗಂಡ ಹೋದ್ಮೇಲೆ."

"ಬಿಡ್ತು ಅನ್ನಿ!" ಎಂದು ಚೀರಿ ಇಂದ್ರಮ್ಮ ಎದ್ದೇಬಿಟ್ಟಳು.

ಗಂಡ ಎಡಗೈಯಿಂದ ಅವಳ ಸೆರಗನ್ನು ಹಿಡಿದೆಳೆದು ಕೂರಿಸಿದ. ಆಮೇಲೆ ಅದೇ ಕೈಯನ್ನು ಮೇಲೆತ್ತಿ, ಅವಳ ಹಣೆಯ ಕುಂಕುಮವನ್ನು ಒರೆಸಿದ.