ಪತ್ರೆ ಹಿಡಿದವನ ಪಟ

ಇಲ್ಲ, ಆ ಪಟದಲ್ಲಿದ್ದವನ ನಿಲುವಂಗಿ ಹಸಿರಾಗಿತ್ತು ಅನ್ನುವುದು ನಾನೇ ಆಮೇಲೆ ಬಳಿದುಕೊಂಡ ಬಣ್ಣವಿರಬೇಕು. ಆದರೂ ಈಗ ಬಿಲ್ವದ ಎಲೆ ಕಿವುಚಿದರೆ ಸಾಕು, ನಂಜನಗೂಡಿನ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಕಾನ್ವೆಂಟಿನಲ್ಲಿ ಸಂತ ಪ್ಯಾಟ್ರಿಕ್‌ನ ಕಥೆ ಹೇಳಿ ನಾನು ಗೆದ್ದ ಪಟ ಅದು. ಐರ್ಲೆಂಡಿನವರು ಅವನನ್ನು ಗುಲಾಮನಾಗಿ ಹಿಡಿದೊಯ್ದು ಕುರಿ ಕಾಯಿಸಿದ್ದರು. ತಪ್ಪಿಸಿಕೊಂಡವನು ತನ್ನ ದೇವರನ್ನು ಸಾರಲು ಮತ್ತೆ ಅದೇ ಜನರ ನಡುವೆ ಹೋದ. ಪಟದಲ್ಲಿ ಅವನ ಕೈಯಲ್ಲಿ ಆ ದೇಶದ ಹುಲ್ಲುಗಾವಲಿನ ಗಿಡದ, ಒಂದೇ ತೊಟ್ಟಿನ ಮೂರೆಲೆ ಇತ್ತು. "ಬಿಲ್ವಪತ್ರೆ ಇಡ್ಕಂಡವ್ನೆ, ಯಾರೋ ಶರಣ ಕಣವ್ವ" ಎಂದು ಅಜ್ಜಿ ಅದನ್ನು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚಿದಳು.

ಲಿಂಗಪೂಜೆಗೆ ಬಂದ ತಾತ ಪಟವನ್ನು ಕಿತ್ತುಕೊಂಡ. "ಸ್ಕೂಲ್ನಿಂದ ತಂದ್ಯೇನೇ ಈ ಪಾದ್ರಿನ? ಔದು ಅನ್ನು, ನಾಳೆಯಿಂದ ಸ್ಕೂಲೇ ಬ್ಯಾಡ! ಒಲೆಗಾಕ್ತೀನಿ ಇವನ್ನ."

"ಪತ್ರೆ ಐತೆ, ಒಲೆಗಾಕ್ಬಾರ್ದು ಕಣ್ರೀ. ತಿರುಮಕೂಡ್ಲು ಜಾತ್ರೇಲಿ ನಾನೇ ಕೊಂಡ್ಕಂಡಿದ್ದು" ಅಂದಳು ಅಜ್ಜಿ.

ತಾತ ಕತ್ತರಿ ತಂದು ಮೂರೆಲೆಯನ್ನಷ್ಟೇ ಕತ್ತರಿಸಿ ಗೂಡಿನಲ್ಲಿಟ್ಟ. ಉಳಿದ ಸಂತನನ್ನು ಒಲೆಗೆ ತುರುಕಿ ನನ್ನ ಕಿವಿ ಹಿಂಡಿದ.

"ಇವ್ನು ಯಾರು ಗೊತ್ತೇನೇ ನಿಂಗೆ?"

"ಗೊತ್ತಿಲ್ಲ ತಾತ."

ಸಂತನ ಗಡ್ಡ ಸುರುಟಿ ಕಪ್ಪಾಯಿತು. ಅಜ್ಜಿ ನನ್ನತ್ತ ನೋಡಲಿಲ್ಲ. ಮರುದಿನ ನನ್ನನ್ನು ಸ್ಕೂಲಿಗೆ ಕಳಿಸಿದರು.

ಸಂತನ ಆ ಕಥೆಯನ್ನು ನಾನು ವಾರವಿಡೀ ಕನ್ನಡದಲ್ಲಿ ಬಾಯಿಪಾಠ ಮಾಡಿದ್ದು ಅಡುಗೆಮನೆಯಲ್ಲಿ, ಅಜ್ಜಿಯ ಎದುರಿಗೇ. ಅವಳು ಆ ಎಲೆಯನ್ನು ನಿಜಕ್ಕೂ ಬಿಲ್ವವೆಂದು ನಂಬಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.